ಶಿರಾದಲ್ಲಿ ಉಳಿದ ಡಿಸ್ಕು

ಮಧುಗಿರಿ
12 ಜೂನ್ 2023

ಹಬೀಬ್ ಸಾಬರಿಗೆ,

ಕ್ಷೇಮ ಸಮಾಚಾರ ಕೇಳಿ ಬರೆಯುವಷ್ಟು ಸಲುಗೆ ನಮ್ಮಲ್ಲಿ ಉಳಿದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಹನ್ನೆರಡು ವರ್ಷದ ಹಿಂದೆ ನಮ್ಮ ಟೈಪಿಂಗ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು “ನಿನ್ನ ದನಿ ಇನ್ನು ನನ್ನ ಕಿವಿಗೆ ಬೀಳಬಾರದು” ಎಂದವನು ನಾನೇ. ಆಡಿದ ಮಾತನ್ನು ಉಳಿಸಿಕೊಳ್ಳುವ ಚಟ ನನಗಿದೆ.

ಅಂಗಡಿ ಮುಚ್ಚುತ್ತಿದ್ದೇನೆ. ಮಳಿಗೆಯ ಮಾಲೀಕರಾದ ಚನ್ನಮಲ್ಲಯ್ಯನವರು ಅಟ್ಟ ಖಾಲಿ ಮಾಡಿಕೊಡಿ ಎಂದಿದ್ದಾರೆ. ಅಟ್ಟದ ಮೇಲೆ ನಮ್ಮಿಬ್ಬರ ಕಾಲದ ಹಳೇ ಕಂಪ್ಯೂಟರ್ ಇತ್ತು. ಇಳಿಸಿ, ಧೂಳು ಕೊಡವಿ, ಕರೆಂಟು ಕೊಟ್ಟೆ. ಎದ್ದು ಕೂತಿತು. ನೀವು ಹಳೇ ಎಂಎಸ್ ಆಫೀಸ್ ಎಂಬ ಪ್ರೋಗ್ರಾಮಿನಲ್ಲಿ ಕಟ್ಟಿದ್ದ ಕೆಲಸದ ರಿಜಿಸ್ಟರ್ ಅದರಲ್ಲೇ ಇದೆ. ಯಾರ ಅರ್ಜಿಯನ್ನು ಯಾವ ದಿನ, ಎಷ್ಟು ಗಂಟೆಗೆ, ನಮ್ಮಿಬ್ಬರಲ್ಲಿ ಯಾರು ಟೈಪ್ ಮಾಡಿದರು ಎಂದು ಹಿಡಿದಿಡುತ್ತಿದ್ದ ರಿಜಿಸ್ಟರ್. ಒತ್ತಿದರೆ ತೆರೆಯುವುದಿಲ್ಲ. ಬೇಕಾದ ಫೈಲು ಸಿಗುತ್ತಿಲ್ಲ, ಇನ್‌ಸ್ಟಾಲ್ ಮಾಡಿದ ಡಿಸ್ಕ್ ಹಾಕಿ ಎನ್ನುತ್ತದೆ. ಕ್ಯಾನ್ಸಲ್ ಒತ್ತಿದರೆ ಮತ್ತೆ ಅದನ್ನೇ ಕೇಳುತ್ತದೆ. ರಿಜಿಸ್ಟರನ್ನು ಹೊಸ ಕಂಪ್ಯೂಟರಿಗೆ ಹಾಕಿ ನೋಡಿದೆ, ಇಷ್ಟು ಹಳೆಯದು ನನಗೆ ತಿಳಿಯದು ಎಂದಿತು. ಡಿಸ್ಕಿನ ಡಬ್ಬಿಯನ್ನು ನೀವು ಶಿರಾಕ್ಕೆ ಹೋಗುವಾಗ ತೆಗೆದುಕೊಂಡು ಹೋದಿರಿ.

ಯಾಕೆ ಬೇಕು ಎಂದು ಕೇಳಬಹುದು. ಮಿಡಿಗೇಶಿಯ ಸರ್ವಮಂಗಳಾ ಹೋದ ತಿಂಗಳು ಅಂಗಡಿಗೆ ಬಂದಿದ್ದಳು. ನೀವು ಮರೆಯುವ ಹೆಸರಲ್ಲ. ಗಂಡ ಪರ್ವತಯ್ಯ ಸರ್ಕಾರಿ ಶಾಲೆಯ ಜವಾನ. ಆತ ಸತ್ತ ಎಂಟನೇ ತಿಂಗಳಿಗೆ ಆ ನೌಕರಿಯನ್ನು ಅನುಕಂಪದ ಮೇಲೆ ತನಗೆ ಕೊಡಿ ಎಂದು ಅರ್ಜಿ ಬರೆಸಲು ನಮ್ಮಲ್ಲಿಗೆ ಬಂದಿದ್ದಳು. ಸತ್ತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದು ಅದರ ನಿಯಮ. ನಮ್ಮ ಪದ್ಧತಿಯಂತೆ ಒಂದು ಹಳೇ ಅರ್ಜಿಯನ್ನು ತಾಯಿ ಫೈಲು ಮಾಡಿಕೊಂಡು, ಕೊರಟಗೆರೆಯ ಲೋಹಿತಾ ಎಂಬುವಳ ಅರ್ಜಿಯದು, ಅದರ ಮೇಲೇ ಹೆಸರು ಊರು ಬದಲಿಸಿ ಕೊಟ್ಟಿರಿ. ಎರಡನೇ ಪುಟದಲ್ಲಿ ಲೋಹಿತಾಳ ಗಂಡ ಸತ್ತ ತಾರೀಕು ಹಾಗೇ ಉಳಿದುಬಿಟ್ಟಿತು. ಅದು ಎರಡು ವರ್ಷ ಹಿಂದಿನದು. ಅವಧಿ ಮೀರಿದೆ ಎಂದು ಅರ್ಜಿ ವಜಾ ಆಯಿತು. ಆ ಕಾಗದ ಅವಳ ಕೈ ಸೇರುವಷ್ಟರಲ್ಲಿ ನಿಜವಾದ ವರ್ಷವೂ ಮುಗಿದಿತ್ತು. ನಂಬಿ, ಓದದೆ ಸಹಿ ಹಾಕಿದ್ದಳು.

ಈಗ ಪಾವಗಡದ ಕಡೆ ಬಲಸಮುದ್ರದಲ್ಲಿ ಸೋಲಾರ್ ಪ್ಯಾನಲ್ ತೊಳೆಯುವ ಕೆಲಸವಂತೆ. “ಸಾಬ್ರು ಬೇಕಂತ ಮಾಡಿದ್ರಾ, ಮರ್ತು ಮಾಡಿದ್ರಾ ಸಾಮಿ? ಅಷ್ಟ್ ಗೊತ್ತಾದ್ರೆ ಸಾಕು ನಂಗೆ” ಎಂದು ಕೇಳಿದಳು. ನಾನೇನು ಹೇಳಲಿ? ಅವತ್ತು ನೀವು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಹೊರಟುಹೋದಿರಿ. ರಿಜಿಸ್ಟರಿನ ಆ ಒಂದು ಸಾಲನ್ನು ಪ್ರಿಂಟ್ ತೆಗೆದು ಅವಳ ಕೈಗೆ ಕೊಟ್ಟು ಅಂಗಡಿಗೆ ಬೀಗ ಹಾಕಬೇಕೆಂದಿದ್ದೇನೆ. ಡಿಸ್ಕ್ ಕಳಿಸಿ.

ಇಂತಿ,
ಭೀಮರಾಜು


ಶಿರಾ
21 ಜೂನ್ 2023

ಭೀಮ,

ನೀವು, ಹೋದಿರಿ, ಕೊಟ್ಟಿರಿ ಎಂದೆಲ್ಲ ಬರೆದಿದ್ದೀಯ. ಬ್ಯಾಂಕಿನವರ ಕಾಗದವೇನೋ ಎಂದು ಕವರು ತಿರುಗಿಸಿ ನೋಡಿದೆ. ನಮ್ಮ ಮನೆಯವಳು ಹಮೀದುನ್ನೀಸಾ “ಕಿಸ್ಕಾ ಖತ್?” ಎಂದಳು. ಭೀಮಂದು ಎಂದೆ. ಟೀ ಇಡಲು ಎದ್ದು ಹೋದಳು, ನೀನೇ ಬಂದು ಜಗುಲಿಯಲ್ಲಿ ಕೂತಿದ್ದೀಯೇನೋ ಎನ್ನುವ ಹಾಗೆ.

ಹಳೇ ಆಫೀಸಿನ ಗುಣವೇ ಅದು. ತನ್ನ ಮೈಯಲ್ಲಿ ಒಂದು ಚೂರು ಕಾಣೆಯಾದರೆ ಸುಮ್ಮನಿರುವುದಿಲ್ಲ, ತಾನೇ ರಿಪೇರಿ ಮಾಡಿಕೊಳ್ಳಲು ಹೊರಡುತ್ತದೆ. ಎಲ್ಲಿಂದ ಇನ್‌ಸ್ಟಾಲ್ ಆಯಿತೋ ಆ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಗೇ ಹೋಗಿ ಹುಡುಕುತ್ತದೆ. ಡಿಸ್ಕ್ ಸವೆಯಬಾರದೆಂದು ನಾನು ಅದನ್ನು ಪೂರ್ತಿ ಡಿ ಡ್ರೈವಿಗೆ ಇಳಿಸಿ, ಅಲ್ಲಿಂದ ಇನ್‌ಸ್ಟಾಲ್ ಮಾಡಿದ್ದೆ. ಸೆಟಪ್ ಎಂಬ ಫೋಲ್ಡರ್. ಅದನ್ನು ಅಳಿಸಿದವರು ಯಾರು ಹೇಳಲೇ? ಮದುವೆ ಫೋಟೋ ತುಂಬಲು ಜಾಗ ಸಾಲದೆಂದು “ಇದ್ಯಾವ್ದೋ ವೇಸ್ಟು ಬಿದ್ದೈತೆ ಕಣ್ಲಾ, ತೆಗ್ದಾಕ್ಬುಟ್ಟೆ” ಎಂದು ಹೆಮ್ಮೆಯಿಂದ ಬಂದು ಹೇಳಿದವನು ನೀನೇ. ನನ್ನ ಊಟದ ಡಬ್ಬಿ ಉಳಿದದ್ದು ನನ್ನ ಪುಣ್ಯ.

ಇರಲಿ. ಇದರ ಜೊತೆ ಒಂದು ಡಿಸ್ಕ್ ಕಳಿಸಿದ್ದೇನೆ. ಕ್ಯಾನ್ಸಲ್ ಒತ್ತಬೇಡ. ಅದು ಫೈಲು ಕೇಳಿದಾಗ ಬ್ರೌಸ್ ಎಂಬುದನ್ನು ಒತ್ತಿ, ಡಿಸ್ಕ್ ಹಾಕಿರುವ ಡ್ರೈವನ್ನು ತೋರಿಸು. ಎಂಎಸ್‌ಐ ಎಂದು ಕೊನೆಯಾಗುವ ಒಂದು ಫೈಲು ಕಾಣುತ್ತದೆ, ಅದನ್ನು ಆರಿಸು. ಮಿಕ್ಕದ್ದು ಅದರ ಪಾಡಿಗೆ ಅದು ಮಾಡಿಕೊಳ್ಳುತ್ತದೆ. ಅದೇ ಆವೃತ್ತಿಯ ಡಿಸ್ಕೇ ಆಗಬೇಕು, ಅಣ್ಣನ ಬದಲು ತಮ್ಮ ನಡೆಯುವುದಿಲ್ಲ.

ನಾನೇ ಬಂದು ಮಾಡಿಕೊಡಬಹುದಿತ್ತು. ವಾರಕ್ಕೆ ಎರಡು ದಿನ ತುಮಕೂರಿಗೆ ಹೋಗಿ ಬರುವ ಕೆಲಸವೊಂದು ಅಂಟಿಕೊಂಡಿದೆ. ಬಂದ ದಿನ ಕೈಕಾಲು ಏಳುವುದಿಲ್ಲ.

ನಿನ್ನ,
ಹಬೀಬ್


ಮಧುಗಿರಿ
3 ಜುಲೈ 2023

ಹಬೀಬ,

ನೀನು ಕಳಿಸಿದ್ದು ಬೇರೆ ಆವೃತ್ತಿಯ ಡಿಸ್ಕು. ಫೈಲು ತೋರಿಸಿದರೆ ಇದು ಸರಿಯಾದದ್ದಲ್ಲ ಎಂದು ನಾಲ್ಕು ಸಲ ಹೇಳಿತು. ಯಂತ್ರಕ್ಕಿರುವಷ್ಟು ನಿಯತ್ತು ಮನುಷ್ಯರಿಗಿಲ್ಲ.

ಅಚಾತುರ್ಯ ಎಂದು ನಂಬಬೇಕೇ ನಾನು? ಹಿಂಬದಿಯ ಬಣ್ಣ ನೋಡಿ ಇದು ಯಾವ ವರ್ಷದ ಡಿಸ್ಕು, ಎಲ್ಲಿ ಕೊಂಡದ್ದು ಎಂದು ಹೇಳುತ್ತಿದ್ದವನು ನೀನು. ಸೆಟಪ್ ಫೋಲ್ಡರ್ ಅಳಿಸಿದ್ದು ನಾನೇ, ಒಪ್ಪಿದೆ. ನನ್ನ ತಪ್ಪನ್ನು ಒಪ್ಪಲು ನನಗೆ ಒಂದು ಸಾಲು ಸಾಕಾಯಿತು ನೋಡು. ನಿನಗೆ ಹನ್ನೆರಡು ವರ್ಷ ಸಾಲಲಿಲ್ಲ.

ಬಿಡಿಸಿ ಹೇಳುತ್ತೇನೆ, ಕೇಳು. ಸರ್ವಮಂಗಳಾಳ ಅರ್ಜಿ ಬರೆದ ಆ ವರ್ಷದ ಆಗಸ್ಟಿನಲ್ಲಿ ಗಂಗಾಂಬಿಕಾ ತುಮಕೂರಿನಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದಳು. ನಾನು ಅವಳ ಪಕ್ಕದ ಬೆಂಚಿನ ಮೇಲಿದ್ದೆ. ಅಂಗಡಿಯಲ್ಲಿ ಇದ್ದವನು ನೀನೊಬ್ಬನೇ. ತಿಂಗಳ ಕೊನೆಗೆ ನನ್ನ ಹೆಂಡತಿ ಹೋದಳು. ಐದು ತಿಂಗಳ ಮೇಲೆ ಸರ್ವಮಂಗಳಾ ಆ ವಜಾ ಆದ ಅರ್ಜಿ ಹಿಡಿದು, ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದು ಬಾಗಿಲಲ್ಲಿ ಕುಸಿದು ಕೂತಾಗ ನಾನು ನಿನ್ನ ಮುಖ ನೋಡಿದೆ. ನೀನು ನೆಲ ನೋಡಿದೆ. ಲೆಕ್ಕ ಬಿಡಿಸಲು ಇನ್ನೇನು ಬೇಕು?

ಆದರೂ ರಿಜಿಸ್ಟರ್ ಬಾಯಿಂದಲೇ ಕೇಳಬೇಕು ನನಗೆ. ಸರಿಯಾದ ಡಿಸ್ಕ್ ಕಳಿಸು.

ಭೀಮರಾಜು


ಶಿರಾ
29 ಜುಲೈ 2023

ಭೀಮ,

ತಡವಾಯಿತು. ಕೈ ಊದಿಕೊಂಡು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಇದನ್ನೂ ಮೂರು ದಿನ ಕೂತು ಬರೆದಿದ್ದೇನೆ.

ಇನ್ನೊಂದು ಡಿಸ್ಕ್ ಇಟ್ಟಿದ್ದೇನೆ. ಆವೃತ್ತಿ ಅದೇ. ಆದರೆ ಗೀಚು ಬಿದ್ದಿದೆ, ಅರ್ಧದಲ್ಲಿ ನಿಂತರೆ ನನ್ನನ್ನು ಬೈಯಬೇಡ. ಬೈದರೂ ಸರಿ, ನಿನ್ನ ಬೈಗುಳ ಕೇಳಿ ಬಹಳ ದಿನವಾಗಿತ್ತು.

ಒಂದು ಮಾತು ಹೇಳುತ್ತೇನೆ, ನಡೆಸಿಕೊಡು. ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿಬಿಡು. ಅದರಲ್ಲಿ ಇರುವುದನ್ನು ನೋಡಿ ಯಾರಿಗೂ ಏನೂ ಸಿಗುವುದಿಲ್ಲ. ಸರ್ವಮಂಗಳಮ್ಮನಿಗೆ ನೌಕರಿ ಬರುವುದಿಲ್ಲ, ಅಂಗಡಿಯ ಬೋರ್ಡಿನಲ್ಲಿ ನೀನು ಸುಣ್ಣ ಬಳಿದ ನನ್ನ ಹೆಸರು ಎದ್ದು ಬರುವುದಿಲ್ಲ. ಸಾಬನೇ ಮಾಡಿದ್ದು ಎಂದು ಹೇಳು ಅವಳಿಗೆ. ಮಧುಗಿರಿಯಿಂದ ಮಿಡಿಗೇಶಿಯವರೆಗೂ ಹೇಳಿದ್ದೀಯಲ್ಲ, ಹೇಳಿದ್ದೇ ಇರಲಿ.

ಗಂಗಕ್ಕನ ಮಾತು ಎತ್ತಿದ್ದೀಯ. ಆಸ್ಪತ್ರೆಗೆ ನಾನು ನೋಡಲು ಹೋದ ದಿನ ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ಫ್ಲಾಸ್ಕಿನಿಂದ ನನಗೆ ಕಾಫಿ ಬಗ್ಗಿಸಿ ಕೊಟ್ಟು, “ನಮ್ಮೆಜಮಾನ್ರು ಈ ವಾರ ನೆಟ್ಟಗಿಲ್ಲ ಭಾಯಿ. ಎಲ್ಲಿಟ್ಟಿದ್ದು ಎಲ್ಲೈತೆ ಅಂತ್ಲೇ ಗೊತ್ತಾಗಾಕಿಲ್ಲ ಅವ್ರಿಗೆ. ವಸಿ ನೋಡ್ಕಳಿ” ಎಂದಿದ್ದಳು. ಸುಮ್ಮನೆ ನೆನಪಾಯಿತು, ಬರೆದೆ.

ಹಬೀಬ್


ಮಧುಗಿರಿ
7 ಆಗಸ್ಟ್ 2023

ಹಬೀಬ್ ಸಾಬರಿಗೆ,

ಡಿಸ್ಕ್ ಅರ್ಧಕ್ಕೇ ನಿಂತಿತು. ಒರೆಸಿ ಹಾಕಿದೆ, ತಿರುಗಿಸಿ ಹಾಕಿದೆ. ಒಂಬತ್ತು ಸಲ ಅದೇ ಜಾಗಕ್ಕೆ ಬಂದು ನಿಂತಿತು. ಆ ಗೀಚನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಳಸಿ ಬಿದ್ದ ಗೀಚಲ್ಲ ಅದು, ಮೊಳೆಯಿಂದ ಎಳೆದದ್ದು. ಒಂದೇ ಗೆರೆ, ನೆಟ್ಟಗೆ. ಮಾರ್ಜಿನ್ ಎಳೆಯುವಾಗಲೂ ನಿನ್ನ ಕೈ ಹಾಗೇ ನೆಟ್ಟಗಿರುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಗಲು ಮುಟ್ಟಿಕೊಂಡಿದ್ದಲ್ಲದೆ ಒರೆಸಿಕೊಂಡೂ ಬಿಟ್ಟೆ ನೀನು. ತಪ್ಪು ಎಲ್ಲರಿಂದಲೂ ಆಗುತ್ತದೆ. ಹೌದು ಭೀಮ, ನನ್ನಿಂದಾಯಿತು ಎಂದಿದ್ದರೆ ಅವತ್ತೇ ನಾವಿಬ್ಬರೂ ಹೋಗಿ ಅವಳ ಕಾಲು ಹಿಡಿಯುತ್ತಿದ್ದೆವು. ನೀನು ಅವಳಿಗೆ ಮಾಡಿದ್ದಕ್ಕಿಂತ ನನಗೆ ಮಾಡಿದ್ದು ದೊಡ್ಡದು. ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದವನಿಗೆ ಒಂದು ನಿಜ ಹೇಳಲಾರದೆ ಹೋದೆ.

ಇನ್ನು ಮೇಲೆ ಗಂಗಾಂಬಿಕಾಳ ಹೆಸರನ್ನು ನಿನ್ನ ಕಾಗದದಲ್ಲಿ ತರಬೇಡ. ಸತ್ತವಳನ್ನು ಸೆರಗಿನಂತೆ ಅಡ್ಡ ಹಿಡಿದುಕೊಳ್ಳುವ ಗಂಡಸು ನೀನು ಎಂದು ನನಗೆ ತಿಳಿದಿರಲಿಲ್ಲ.

ಸಾಯುವುದರೊಳಗೆ ಒಂದು ಸಲ ನಿಜ ಹೇಳು. ಉತ್ತರ ಬರದಿದ್ದರೆ ಹೇಳಿದಂತೆಯೇ ಎಂದು ತಿಳಿದುಕೊಳ್ಳುತ್ತೇನೆ.

ಭೀಮರಾಜು


ಶಿರಾ
19 ಅಕ್ಟೋಬರ್ 2023

ಭೀಮರಾಜು ಚಾಚಾ ಅವರಿಗೆ,

ನಾನು ಫರೀಹಾ. ಚಿಕ್ಕವಳಿದ್ದಾಗ ನಿಮ್ಮ ಅಂಗಡಿಯ ಮೇಜಿನ ಕೆಳಗೆ ಹಾಳಾದ ಹಾಳೆಗಳ ಹಿಂಬದಿ ಚಿತ್ರ ಬರೆಯುತ್ತಿದ್ದೆ, ನೆನಪಿದೆಯೋ ಇಲ್ಲವೋ. ಈಗ ತಾವರೆಕೆರೆಯ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಸೆಪ್ಟೆಂಬರ್ 28ರ ಗುರುವಾರ ಅಬ್ಬಾ ತೀರಿಕೊಂಡರು. ಎರಡೂ ಕಿಡ್ನಿ ಹೋಗಿ ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದೆವು. ನಿಮಗೆ ತಿಳಿಸಿರಲಿಲ್ಲವೆಂದು ನಿಮ್ಮ ಕಾಗದಗಳನ್ನು ಓದಿದ ಮೇಲೆ ಗೊತ್ತಾಯಿತು. ಕೊನೆಯ ಕಾಗದವನ್ನು ಅವರು ಬಸ್ಸಿನಲ್ಲಿ ಹೋಗುವಾಗ ಓದಿದ್ದು. ಕಳ್ಳಂಬೆಳ್ಳ ದಾಟುವವರೆಗೂ ಅದನ್ನೇ ಹಿಡಿದುಕೊಂಡಿದ್ದರು. ಏನಂತೆ ಎಂದು ಕೇಳಿದೆ. “ಭೀಮ ಬೈದಿದಾನೆ. ಚೆನ್ನಾಗೇ ಬೈತಾನೆ ಅವ್ನು” ಎಂದು ನಕ್ಕು ಜೇಬಿಗೆ ಇಟ್ಟುಕೊಂಡರು. ಆ ಅಂಗಿಯನ್ನು ಒಗೆಯಲು ಹಾಕುವಾಗಲೆಲ್ಲ ಅದನ್ನು ತೆಗೆದು ಬೇರೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ನೀವು ಕೇಳಿದ ಡಿಸ್ಕ್ ಇದರ ಜೊತೆ ಇದೆ. ಅಬ್ಬಾ ಅದನ್ನು ಬೀರುವಿನಲ್ಲಿ, ಅಮ್ಮಿಯ ಮದುವೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಒಂದು ಗೆರೆಯೂ ಬಿದ್ದಿಲ್ಲ. “ನಾನಿರೋ ತಂಕ ಇದು ಮಧುಗಿರಿಗೆ ಹೋಗ್ಬಾರ್ದು” ಎಂದಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಇಷ್ಟು ಹೇಳಿದರು: “ಬಿಟ್ಟು ಬರೋ ದಿನ ಆ ಕಂಪ್ಯೂಟರ್ನಿಂದ ಒಂದ್ ಫೈಲು ನಾನೇ ತೆಗ್ದೆ. ರಿಜಿಸ್ಟ್ರು ಅಳಿಸಿದ್ರೆ ಅದು ಸುಳ್ಳು ಆಗ್ತಿತ್ತು. ನಾನ್ ಅಳಿಸ್ಲಿಲ್ಲ. ಬಾಗ್ಲು ಹಾಕ್ಬಂದೆ, ಅಷ್ಟೆ.”

ಈಗ ಅವರಿಲ್ಲ. ಮಾತು ಮೀರಿದಂತಾಗುವುದಿಲ್ಲ ಎಂದು ಕಳಿಸುತ್ತಿದ್ದೇನೆ. ಆ ರಿಜಿಸ್ಟರಿನಲ್ಲಿ ಅಬ್ಬಾನ ತಪ್ಪೇ ಇದ್ದರೆ ನನ್ನಿಂದ ಮುಚ್ಚಿಡಬೇಡಿ. ಆ ಹೆಂಗಸಿನ ಹತ್ತಿರ ನಾನು ಹೋಗಿ ಮಾಫಿ ಕೇಳುತ್ತೇನೆ. ನಮ್ಮಲ್ಲಿ ಸತ್ತವರ ಮೇಲೆ ಅಂಥದ್ದು ಉಳಿಯಬಾರದು.

ನಿಮ್ಮ ಮಗಳಂಥ,
ಫರೀಹಾ


ಮಧುಗಿರಿ
2 ನವೆಂಬರ್ 2023

ಮಗಳೇ ಫರೀಹಾ,

ನಿನ್ನ ಕಾಗದ ಬಂದು ಹತ್ತು ದಿನ ಡಿಸ್ಕನ್ನು ಮುಟ್ಟಲಿಲ್ಲ. ಮುಟ್ಟದಿದ್ದರೆ ಹಬೀಬ ಬದುಕಿಯೇ ಇದ್ದಾನೆ ಎನ್ನುವಂಥ ಒಂದು ಹುಚ್ಚು. ಅಷ್ಟೇ ಅಲ್ಲ, ನಿಜ ಹೇಳುತ್ತೇನೆ, ನಿನ್ನ ಕಾಗದದ ಕೊನೆ ಓದಿ ಒಳಗೊಳಗೇ ಗೆದ್ದೆ ಎಂದುಕೊಂಡೆ. ಫೈಲು ತೆಗೆದವನು ತಾನೇ ಎಂದು ಅವನೇ ಒಪ್ಪಿದ್ದಾನಲ್ಲ, ಇನ್ನೇನು ಎಂದು. ನನ್ನಂಥವನ ಮನಸ್ಸು ಹೆಣದ ಮುಂದೆಯೂ ಗೆಲ್ಲಲು ನೋಡುತ್ತದೆ.

ನಿನ್ನೆ ಬೆಳಿಗ್ಗೆ ಅಂಗಡಿ ತೆಗೆದು ಡಿಸ್ಕ್ ಹಾಕಿದೆ. ನಿನ್ನಪ್ಪ ಹೇಳಿದಂತೆ ಬ್ರೌಸ್ ಒತ್ತಿ ಫೈಲು ತೋರಿಸಿದೆ. ತೆರೆಯ ಮೇಲಿನ ಪಟ್ಟಿ ನಿಧಾನಕ್ಕೆ ತುಂಬಿತು. ಎಲ್ಲೂ ನಿಲ್ಲಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ರಿಜಿಸ್ಟರ್ ತೆರೆದುಕೊಂಡಿತು.

17 ಆಗಸ್ಟ್ 2010, ಮಧ್ಯಾಹ್ನ ಮೂರು ನಲವತ್ತು. ಸರ್ವಮಂಗಳಾ, ಮಿಡಿಗೇಶಿ. ತಾಯಿ ಫೈಲು: ಲೋಹಿತಾ, ಕೊರಟಗೆರೆ. ಟೈಪ್ ಮಾಡಿದವರು ಎಂಬ ಮನೆಯಲ್ಲಿ ‘ಭೀ’ ಎಂದಿದೆ.

ಅದು ನಾನು. ಅವನದು ‘ಹ’. ಕುರ್ಚಿಯಲ್ಲಿ ಕೂತವರು ಮೊದಲು ತಮ್ಮ ಅಕ್ಷರ ಒತ್ತದಿದ್ದರೆ ಮುಂದಕ್ಕೆ ಹೋಗದಂತೆ ಕಟ್ಟಿದ್ದ ಅವನು. ಆ ತಿಂಗಳಲ್ಲಿ ಮೇಲೂ ಕೆಳಗೂ ಎಲ್ಲ ‘ಹ’, ‘ಹ’, ‘ಹ’. ನಡುವೆ ಆ ಒಂದು ಸಾಲು ನನ್ನದು.

ನೋಡುತ್ತಿದ್ದಂತೆ ನೆನಪಾಯಿತು. ಅವತ್ತು ಬಟ್ಟೆ ತರಲೆಂದು ತುಮಕೂರಿನಿಂದ ಬಂದವನು ಮನೆಗೆ ಹೋಗುವ ಮೊದಲು ಅಂಗಡಿಗೆ ಬಂದೆ. ಬೆಳಿಗ್ಗೆ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. “ನೀನ್ ಹೋಗು ಭೀಮ, ನಾನ್ ಮಾಡ್ತೀನಿ” ಎಂದ ಹಬೀಬ. “ಬುಡ್ಲಾ, ಕೈಗೆ ಏನಾರ ಕೆಲ್ಸ ಇರ್ಲಿ” ಎಂದು ನಾನೇ ಕೂತೆ. ಹೊರಗೆ ಹೋಗಿ ಅವಳ ಸಹಿ ಹಾಕಿಸಿದವನು ಅವನು, ಅದಕ್ಕೇ ಅವಳಿಗೂ ಅವನ ಮುಖವೇ ನೆನಪುಳಿದದ್ದು. ಎರಡನೇ ಪುಟ ನೋಡಿದೆನೋ ಇಲ್ಲವೋ ಗೊತ್ತಿಲ್ಲ. ಮೊದಲ ಪುಟವೂ ನೆನಪಿಲ್ಲ. ಇಷ್ಟು ವರ್ಷ ಆ ಮಧ್ಯಾಹ್ನ ನನ್ನ ತಲೆಯಲ್ಲಿ ಇರಲೇ ಇಲ್ಲ, ಮಗಳೇ. ಸುಳ್ಳು ಹೇಳಲಿಲ್ಲ ನಾನು. ಆದರೆ ಈ ಸಮಾಧಾನ ಯಾರಿಗೆ ಬೇಕು?

ಅವನಿಗೆ ಅವತ್ತೇ ಗೊತ್ತಿತ್ತು. ಹೆಂಡತಿ ಸತ್ತು ಐದು ತಿಂಗಳಾದವನ ತಲೆಯ ಮೇಲೆ ಇದನ್ನೂ ಹೊರಿಸಬಾರದೆಂದು ನೆಲ ನೋಡಿದ. ನಾನು ಅವನ ಹೆಸರಿಗೆ ಸುಣ್ಣ ಬಳಿದೆ. ಊರೂರಿಗೆ ಹೇಳಿದೆ. ಸಾಯುವುದರೊಳಗೆ ನಿಜ ಹೇಳು ಎಂದು ಬರೆದೆ, ಅವನು ಅದನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡು ಸತ್ತ.

ಸರ್ವಮಂಗಳಾಗೆ ಇವತ್ತೇ ಎಲ್ಲ ಬರೆದು, ಆ ಸಾಲಿನ ಪ್ರಿಂಟ್ ಇಟ್ಟು ಕಳಿಸಿದ್ದೇನೆ. ನಿನ್ನಪ್ಪನ ಮೇಲೆ ಏನೂ ಇಲ್ಲ. ನೀನು ಯಾರ ಹತ್ತಿರವೂ ಮಾಫಿ ಕೇಳಬೇಕಾಗಿಲ್ಲ. ನಾನು ಕೇಳಬೇಕಾದವನಿಗೆ ವಿಳಾಸವಿಲ್ಲ. ಹಮೀದುನ್ನೀಸಾ ಅವರಿಗೆ ಈ ಕಾಗದ ಓದಿ ಹೇಳು. ಅವರು ನನಗಾಗಿ ಟೀ ಇಡಲು ಎದ್ದರಂತೆ. ಆ ಸಾಲನ್ನು ನಾನು ಆಗ ಓದಿ ಮುಂದೆ ಹೋಗಿಬಿಟ್ಟಿದ್ದೆ.

ಭೀಮರಾಜು


ಬಲಸಮುದ್ರ
20 ನವೆಂಬರ್ 2023

ಭೀಮರಾಜು ಅವರಿಗೆ ಸರ್ವಮಂಗಳಾ ಮಾಡುವ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಎಸ್ಸೆಸ್ಸೆಲ್ಸಿ ಓದಿದ್ದೇನೆ, ನಾನೇ ಬರೆಯುತ್ತಿದ್ದೇನೆ. ಫೋನ್ ಮಾಡೋಣ ಎಂದು ನಂಬರು ಒತ್ತಿ ಮತ್ತೆ ಅಳಿಸಿದೆ.

ಸಾಬರು ವರ್ಷಕ್ಕೊಂದು ಸಲ ಇಲ್ಲಿಗೆ ಬರುತ್ತಿದ್ದರು. ನಿಮಗೆ ಗೊತ್ತಿರಲಿಕ್ಕಿಲ್ಲ. ಮೊದಲು ಮಿಡಿಗೇಶಿಗೆ ಬರುತ್ತಿದ್ದರು, ನಾನು ಇಲ್ಲಿಗೆ ಬಂದ ಮೇಲೆ ಕೇಳಿಕೊಂಡು ಇಲ್ಲಿಗೇ ಬಂದರು. ನಾವು ಪ್ಯಾನಲ್ ತೊಳೆಯುವ ಜಾಗದಲ್ಲಿ ಬಿಸಿಲಿಗೆ ನಿಂತು, ಟೋಪಿ ತೆಗೆದು, “ತಪ್ಪು ನಮ್ಮ ಅಂಗಡೀದು ಕಣಮ್ಮ, ಹೊಟ್ಟೆಗೆ ಹಾಕ್ಕೋ” ಎನ್ನುತ್ತಿದ್ದರು. ನನ್ನದು ಅನ್ನಲಿಲ್ಲ, ನಿಮ್ಮದು ಅನ್ನಲಿಲ್ಲ, ನಮ್ಮ ಅಂಗಡೀದು ಎಂದೇ ಅಂದರು. ಅದಕ್ಕೇ ನಾನು ನಿಮ್ಮನ್ನು ಕೇಳಿದ್ದು, ಬೇಕೆಂದು ಮಾಡಿದ್ದಾ ಮರೆತು ಮಾಡಿದ್ದಾ ಎಂದು.

ನಾನು ಅವರಿಗೆ ಆಡದ ಮಾತಿಲ್ಲ. ನಿನ್ನ ಮಕ್ಕಳು ಹಿಂಗೇ ಬಿಸಿಲಲ್ಲಿ ಸಾಯ್ಲಿ ಎಂದಿದ್ದೇನೆ. ಒಂದು ಸಲ ಪ್ಯಾನಲ್ ತೊಳೆಯುವ ಪೈಪನ್ನು ಅವರ ಕಡೆಗೇ ತಿರುಗಿಸಿದೆ. ಕನ್ನಡಕ ಬಿದ್ದುಹೋಯಿತು. ಅವರು ಎತ್ತಿಕೊಂಡು, ನೆಂದ ಬಟ್ಟೆಯಲ್ಲೇ ಬಸ್ಸಿಗೆ ಹೋದರು. ಮುಂದಿನ ವರ್ಷ ಮತ್ತೆ ಬಂದರು. ಈ ವರ್ಷ ಯುಗಾದಿ ಆದ ಮೇಲೆ ಬಂದಾಗ ಬಸ್ಸಿನಿಂದ ಇಳಿಯಲು ಆಗಲಿಲ್ಲ. ಕಿಟಕಿಯಿಂದಲೇ ಕೈ ಮುಗಿದರು. ಕಾಲಿನ ತುಂಬ ಊತ ಇತ್ತು ಎಂದು ಕಂಡಕ್ಟರ್ ಹೇಳಿದ. ಮಾಡಿದ್ದುಣ್ಣಲಿ ಎಂದು ನಾನು ಮುಖ ತಿರುಗಿಸಿಕೊಂಡೆ.

ನೀವು ಮಾಫಿ ಕೇಳಿದ್ದೀರಿ. ಕೊಟ್ಟಿದ್ದೇನೆ ಎಂದು ಬರೆದರೆ ಅದೂ ಓದದೆ ಸಹಿ ಹಾಕಿದ ಹಾಗೆ. ನನ್ನ ದೊಡ್ಡ ಮಗಳು ಪಿಯುಸಿ ಅರ್ಧಕ್ಕೆ ಬಿಟ್ಟು ನನ್ನ ಪಕ್ಕದ ಸಾಲಿನಲ್ಲಿ ಪ್ಯಾನಲ್ ತೊಳೆಯುತ್ತಾಳೆ. ನಿಮ್ಮ ಹೆಂಡತಿಯ ವಿಷಯ ಓದಿ ಸಂಕಟವೂ ಆಯಿತು. ಎರಡೂ ಇದೆ, ಯಾವುದು ಜಾಸ್ತಿ ಎಂದು ನನಗೆ ಗೊತ್ತಿಲ್ಲ.

ಒಂದು ಉಪಕಾರ ಮಾಡಿ. ಸಾಬರನ್ನು ಶಿರಾದಲ್ಲಿ ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಅವರ ಮಗಳನ್ನು ಕೇಳಿ ಬರೆಯಿರಿ. ನಮಗೆ ಭಾನುವಾರ ರಜೆ. ಅವರಲ್ಲಿ ಹೆಂಗಸರನ್ನು ಒಳಗೆ ಬಿಡುತ್ತಾರೋ ಇಲ್ಲವೋ ತಿಳಿಯದು. ಬಿಡದಿದ್ದರೆ ಗೇಟಿನ ಹೊರಗೇ ನಿಂತುಕೊಳ್ಳುತ್ತೇನೆ.

ಇಂತಿ,
ಸರ್ವಮಂಗಳಾ